ಪೊಟರೆ ಬಿದ್ದ ಮರವೆಲ್ಲ ಸತ್ತ ಮರವೇ? ಕಾಂಡದೊಳಗೆ ಬದುಕಿರುವುದು ಏನು?

ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ಗುಡುಗು ಮಳೆ ಶುರುವಾಗುತ್ತದೆ. ರಾಜಾಜಿನಗರದಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ ಒಂದು ಕೊಂಬೆ, ಬಸವೇಶ್ವರನಗರದಲ್ಲಿ ಕರೆಂಟ್ ತಂತಿಯ ಮೇಲೆ ಇನ್ನೊಂದು, ವಿಜಯನಗರದಲ್ಲಿ ಬುಡಸಮೇತ ಮಗುಚಿದ ಒಂದು ಮರ. ಸಂಜೆಯೊಳಗೆ ಫೋಟೊಗಳು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಬಂದಿರುತ್ತವೆ. ಅದರ ಹಿಂದೆಯೇ ಫಾರ್ವರ್ಡ್‌ಗಳು ಬರುತ್ತವೆ. ಪ್ರತಿ ವರ್ಷ ಸ್ವಲ್ಪ ಹೆಚ್ಚುಕಡಿಮೆ ಇದೇ ಅರ್ಥದವು: ಮರದಲ್ಲಿ ಪೊಟರೆ ಇದ್ದರೆ ಅದು ಒಳಗಿನಿಂದ ಸತ್ತಿದೆ ಎಂದರ್ಥ, ಕೂಡಲೇ ಕಡಿಸಿ. ಅದಕ್ಕೆ ಉತ್ತರವಾಗಿ ಇನ್ನೊಬ್ಬರದು: ಮರದ ಜೀವ ಇರುವುದು ತೊಗಟೆಯಲ್ಲಿ ಮಾತ್ರ, ಒಳಗಿರುವುದೆಲ್ಲ ಬರೀ ಸೌದೆ, ಪೊಟರೆಗೆ ಸಿಮೆಂಟ್ ತುಂಬಿಸಿದರೆ ಮರ ಉಳಿಯುತ್ತದೆ.

ಎರಡೂ ಕಡೆ ಅರ್ಧ ಸತ್ಯವಿದೆ. ತೊಂದರೆ ಏನೆಂದರೆ, ಮೊದಲ ಅರ್ಧ ಸತ್ಯವನ್ನು ನಂಬಿದರೆ ಇನ್ನೂ ಐವತ್ತು ವರ್ಷ ನಿಲ್ಲಬಹುದಾದ ಮರ ಹೋಗುತ್ತದೆ. ಎರಡನೆಯದನ್ನು ನಂಬಿದರೆ ನಾಳೆ ಬೀಳುವ ಮರದ ಕೆಳಗೆ ನಾವು ಸ್ಕೂಟರ್ ನಿಲ್ಲಿಸುತ್ತೇವೆ. ಹಾಗಾಗಿ ಈ ಸಲ ಕಾಂಡವನ್ನೇ ಸ್ವಲ್ಪ ಬಿಡಿಸಿ ನೋಡೋಣ ಎನಿಸಿತು.

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅಂಗಾಂಶಗಳ ಪಾಠ ನೆನಪಿದೆಯೇ? ಕ್ಸೈಲಂನಲ್ಲಿ ನಾಲ್ಕು ಬಗೆಯ ಭಾಗಗಳು, ಅವುಗಳಲ್ಲಿ ಜೀವಂತವಾಗಿರುವುದು ಪೇರೆಂಕೈಮಾ ಮಾತ್ರ ಎಂದು ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಅಂಕ ಬಂತು, ವಿಷಯ ಅಲ್ಲಿಗೇ ಮರೆತಿತು. ಆದರೆ ನಮ್ಮ ರಸ್ತೆಯ ಮರ ಉಳಿಯುತ್ತದೋ ಅಳಿಯುತ್ತದೋ ಎಂಬುದು ಬಹುಮಟ್ಟಿಗೆ ಆ ಒಂದು ಅಂಕದ ಉತ್ತರದಲ್ಲೇ ಇದೆ.

ಸತ್ತ ಕೊಳವೆ, ಬದುಕಿರುವ ಜಾಲ

ಕಾಂಡವನ್ನು ಹೊರಗಿನಿಂದ ಒಳಗೆ ನೋಡುತ್ತಾ ಹೋದರೆ ಮೊದಲು ಒರಟು ತೊಗಟೆ. ಅದರ ಒಳಮೈಯಲ್ಲಿ ಫ್ಲೋಯಂ. ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗೆ ಬೇರಿಗೆ ಇಳಿಯುವ ದಾರಿ ಇದು. ಅದರ ಒಳಗೆ ಕೇಂಬಿಯಂ ಎಂಬ ತೆಳ್ಳನೆಯ ಪದರ. ಕಣ್ಣಿಗೆ ಕಾಣದಷ್ಟು ತೆಳುವಾದ ಈ ಪದರವೇ ವರ್ಷವರ್ಷವೂ ಹೊರಗಡೆಗೆ ಹೊಸ ಫ್ಲೋಯಂ, ಒಳಗಡೆಗೆ ಹೊಸ ಮರ ಕಟ್ಟುತ್ತದೆ. ನಾವು ಮರ, ಕಟ್ಟಿಗೆ, ಹಲಗೆ ಎನ್ನುವುದೆಲ್ಲ ಕೇಂಬಿಯಂ ಒಳಗಡೆಗೆ ಕಟ್ಟಿದ ಕ್ಸೈಲಂ.

ಈ ಕ್ಸೈಲಂನ ಮುಖ್ಯ ಕೆಲಸ ನೀರು ಸಾಗಿಸುವುದು, ಮರವನ್ನು ನಿಲ್ಲಿಸುವುದು. ಎರಡನ್ನೂ ಮಾಡುವುದು ಸತ್ತ ಕೋಶಗಳು. ಒಂದು ನೀರ್ಗೊಳವೆಯ ಕೋಶ ಹುಟ್ಟುತ್ತದೆ, ಉದ್ದವಾಗುತ್ತದೆ, ತನ್ನ ಗೋಡೆಗೆ ಲಿಗ್ನಿನ್ ಮೆತ್ತಿ ಗಟ್ಟಿಮಾಡಿಕೊಳ್ಳುತ್ತದೆ, ಆಮೇಲೆ ತನ್ನ ಒಳಗಿರುವುದನ್ನೆಲ್ಲ ತಾನೇ ಕರಗಿಸಿಕೊಂಡು ಸಾಯುತ್ತದೆ. ಉಳಿಯುವುದು ಖಾಲಿ ಕೊಳವೆ. ಸತ್ತರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಒಳಗೆ ಜೀವದ್ರವ್ಯ ತುಂಬಿಕೊಂಡಿದ್ದರೆ ನೀರು ಹರಿಯುವುದೆಲ್ಲಿ?

ನೀರು ಏರುವುದಕ್ಕೆ ಜೀವಂತ ಕೋಶ ಬೇಕಿಲ್ಲ ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ 1891ರಲ್ಲೇ ತೋರಿಸಿದ್ದ. ಎತ್ತರದ ಮರಗಳನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ತುದಿಯನ್ನು ವಿಷದ ದ್ರಾವಣದಲ್ಲಿ ನಿಲ್ಲಿಸಿದ. ವಿಷ ಏರುತ್ತಾ ಹೋದಂತೆ ಕಾಂಡದ ಜೀವಂತ ಕೋಶಗಳು ಸತ್ತವು. ದ್ರಾವಣ ಮಾತ್ರ ಏರುತ್ತಲೇ ಇತ್ತು, ಎಲೆಗಳವರೆಗೆ. 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಇದಕ್ಕೆ ವಿವರಣೆ ಕೊಟ್ಟರು: ಎಲೆಯಿಂದ ನೀರು ಆವಿಯಾಗುವಾಗ ಕೆಳಗಿನ ನೀರಿನ ಎಳೆಯನ್ನು ಮೇಲಕ್ಕೆ ಎಳೆಯುತ್ತದೆ, ನೀರಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಆ ಎಳೆ ತುಂಡಾಗುವುದಿಲ್ಲ. ನಮ್ಮ ಜಗದೀಶಚಂದ್ರ ಬೋಸರು 1920ರ ದಶಕದಲ್ಲಿ ಇದನ್ನು ಒಪ್ಪದೆ, ಜೀವಂತ ಕೋಶಗಳು ಹೃದಯದಂತೆ ಮಿಡಿದು ನೀರನ್ನು ಮೇಲೆ ತಳ್ಳುತ್ತವೆ ಎಂದು ವಾದಿಸಿದರು. ಆ ವಾದ ನಿಲ್ಲಲಿಲ್ಲ. ಬೋಸರ ಹೆಸರು ಹಾಕಿಕೊಂಡು ಮರಕ್ಕೆ ಹೃದಯ ಬಡಿಯುತ್ತದೆ ಎನ್ನುವ ಫಾರ್ವರ್ಡ್ ಬಂದರೆ ಇದು ನೆನಪಿರಲಿ. ಅವರು ದೊಡ್ಡ ವಿಜ್ಞಾನಿ. ಈ ಒಂದು ವಿಷಯದಲ್ಲಿ ಅವರು ಹೇಳಿದ್ದು ಸರಿಯಿರಲಿಲ್ಲ, ಅಷ್ಟೇ.

ಹಾಗಾದರೆ ಒಳಗೆಲ್ಲ ಬರೀ ಸೌದೆ ಎನ್ನುವವರ ಮಾತೇ ನಿಜವೇ? ಅಲ್ಲ. ಸತ್ತ ಕೊಳವೆಗಳ ನಡುವೆ ನಡುವೆ ಪೇರೆಂಕೈಮಾ ಕೋಶಗಳಿವೆ. ಕೆಲವು ಕೊಳವೆಗಳ ಪಕ್ಕದಲ್ಲೇ ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಂತಿರುತ್ತವೆ. ಇನ್ನು ಕೆಲವು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ತೊಗಟೆಯ ಕಡೆಯಿಂದ ನಡುವಿನ ಕಡೆಗೆ ಸಾಲುಹಿಡಿದು ಹೋಗುತ್ತವೆ. ಎರಡೂ ಸೇರಿ ಕಾಂಡದೊಳಗೆ ಒಂದು ಬಲೆ. ಈ ಕಡ್ಡಿಸಾಲುಗಳನ್ನು ನೋಡಲು ಸೂಕ್ಷ್ಮದರ್ಶಕವೂ ಬೇಕಿಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದರೆ ಸಿಲ್ವರ್ ಓಕ್ ಹಲಗೆ ಸಿಗಬಹುದು, ಅದರ ಮೇಲೆ ಮೀನಿನ ಹುರುಪೆಯಂಥ ಹೊಳೆಯುವ ಮಚ್ಚೆಗಳಿರುತ್ತವೆ. ಮರ ಬದುಕಿದ್ದಾಗ ಅವು ಜೀವಂತ ಕೋಶಗಳ ಪಟ್ಟಿಗಳು.

ಎಷ್ಟಿವೆ ಎನ್ನುವುದು ನಮಗೂ ಅಚ್ಚರಿ ತಂದ ವಿಷಯ. ಜಗತ್ತಿನ ಸಾವಿರಾರು ಜಾತಿಯ ಸಸ್ಯಗಳ ಅಳತೆಗಳನ್ನು ಒಟ್ಟುಮಾಡಿ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೈನ್‌ನಂಥ ಶಂಕುಧಾರಿ ಮರಗಳ ಕ್ಸೈಲಂನಲ್ಲಿ ಪೇರೆಂಕೈಮಾ ಪಾಲು ಸರಾಸರಿ ಶೇ. 8ರ ಆಸುಪಾಸು. ಚಳಿ ದೇಶಗಳ ಅಗಲ ಎಲೆಯ ಮರಗಳಲ್ಲಿ ಸುಮಾರು ಶೇ. 21. ನಮ್ಮಂಥ ಉಷ್ಣವಲಯದ ಮರಗಳಲ್ಲಿ ಸುಮಾರು ಶೇ. 36. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಬರೀ ಸೌದೆ ಎನ್ನಲು ಸ್ವಲ್ಪ ಕಷ್ಟವೇ.

ಮನೆಯಲ್ಲೇ ನೋಡಬಹುದಾದ ಒಂದು ಪರೀಕ್ಷೆ

ಮಳೆಗೆ ಈಗಷ್ಟೇ ಮುರಿದು ಬಿದ್ದ, ಇನ್ನೂ ಹಸಿಯಾಗಿರುವ ಹೆಬ್ಬೆರಳು ಗಾತ್ರದ ಕೊಂಬೆ ಸಿಕ್ಕರೆ ಅದನ್ನು ಅಡ್ಡಲಾಗಿ ನುಣ್ಣಗೆ ಕತ್ತರಿಸಿ. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣಕ್ಕೆ ಸ್ವಲ್ಪ ನೀರು ಬೆರೆಸಿ ಕತ್ತರಿಸಿದ ಮೈಮೇಲೆ ನಾಲ್ಕು ಹನಿ ಬಿಡಿ. ಕೆಲವು ನಿಮಿಷ ಬಿಟ್ಟು ಒರೆಸಿ ನೋಡಿದರೆ ನಡುವಿನಿಂದ ಅಂಚಿಗೆ ಸಣ್ಣ ಕಪ್ಪು ಗೆರೆಗಳು ಕಾಣಬಹುದು. ಅದು ಪಿಷ್ಟ, ಅನ್ನದ ಗಂಜಿಗೆ ಅಯೋಡಿನ್ ಬಿಟ್ಟರೆ ಆಗುವ ಬಣ್ಣವೇ. ಆ ಗೆರೆಗಳೇ ಪೇರೆಂಕೈಮಾ ಸಾಲುಗಳು. ಮರ ಆಗತಾನೇ ಹೂಬಿಟ್ಟು ಚಿಗುರಿದ್ದರೆ ಗೆರೆ ಮಸುಕಾಗಿರಬಹುದು, ಏಕೆಂದರೆ ದಾಸ್ತಾನು ಖರ್ಚಾಗಿರುತ್ತದೆ.

ದಾಸ್ತಾನು ಎಂದದ್ದು ಸುಮ್ಮನೆ ಅಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಬೆಂಗಳೂರಿನ ಟಬೂಬಿಯಾ ಮರಗಳು ಒಂದೂ ಎಲೆಯಿಲ್ಲದೆ ಮೈತುಂಬ ಹೂ ಬಿಡುತ್ತವಲ್ಲ, ಎಲೆಯೇ ಇಲ್ಲದಾಗ ಅಡುಗೆ ಎಲ್ಲಿಂದ? ಕಳೆದ ಮಳೆಗಾಲದಲ್ಲಿ ಕಾಂಡ, ಕೊಂಬೆ, ಬೇರುಗಳ ಈ ಕೋಶಗಳಲ್ಲಿ ಕೂಡಿಟ್ಟ ಪಿಷ್ಟವೇ ಆಧಾರ. ಯುಗಾದಿ ಹೊತ್ತಿಗೆ ಹೊಂಗೆ ಹೊಸ ಎಲೆ ಹೊರಡಿಸುವುದೂ ಹೀಗೆಯೇ. ತಂತಿಗೆ ತಾಗುತ್ತದೆಂದು ತಲೆ ಬೋಳಿಸಿದ ಮರ ಒಂದೆರಡು ತಿಂಗಳಲ್ಲಿ ಕಾಂಡದ ಮೈಯಿಂದಲೇ ಚಿಗುರೊಡೆಯುವುದನ್ನು ನೋಡಿ ನಾವು ಮರ ಚೇತರಿಸಿಕೊಂಡಿತು ಎಂದು ಸಮಾಧಾನಪಡುತ್ತೇವೆ. ನಿಜವಾಗಿ ಅದು ಉಳಿತಾಯ ಖಾತೆಯಿಂದ ಹಣ ತೆಗೆಯುತ್ತಿದೆ. ವರ್ಷಕ್ಕೆ ಎರಡು ಸಲ ಹೀಗೆ ಬೋಳಿಸಿದರೆ ಖಾತೆ ಬರಿದಾಗುತ್ತದೆ. ಆಮೇಲೆ ಗಾಯ ಮುಚ್ಚುವುದಕ್ಕೂ ಶಿಲೀಂಧ್ರ ತಡೆಯುವುದಕ್ಕೂ ಏನೂ ಉಳಿದಿರುವುದಿಲ್ಲ.

ಈ ಕೋಶಗಳು ಉಸಿರಾಡುತ್ತವೆ, ಹಗಲೂ ರಾತ್ರಿಯೂ. ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅರಳಿ ಮರ 24 ಗಂಟೆ ಆಮ್ಲಜನಕ ಕೊಡುತ್ತದೆ ಎಂಬ ಹಳೆಯ ಫಾರ್ವರ್ಡ್ ಇಲ್ಲಿಯೂ ಬೀಳುತ್ತದೆ: ಬೆಳಕಿಲ್ಲದೆ ಆಮ್ಲಜನಕ ತಯಾರಾಗುವುದಿಲ್ಲ, ಆದರೆ ಕಾಂಡದೊಳಗಿನ ಉಸಿರಾಟ ರಾತ್ರಿಯೂ ನಡೆದೇ ಇರುತ್ತದೆ. ಅರಳಿಕಟ್ಟೆಯಲ್ಲಿ ರಾತ್ರಿ ಕೂರುವುದರಿಂದ ಅಪಾಯವೇನೂ ಇಲ್ಲ. ಒಂದು ಮರದ ಉಸಿರಿನಿಂದ ಬಯಲಿನ ಗಾಳಿ ಕೆಡುವುದಿಲ್ಲ.

ಸಾಯುವ ಮುಂಚೆ ಬಿಟ್ಟುಹೋಗುವ ಗಂಧ

ಜೀವಂತ ಕೋಶಗಳು ಇರುವುದು ಕಾಂಡದ ಹೊರಭಾಗದ ಬಿಳಿ ಮರದಲ್ಲಿ. ಅವು ಕೆಲವು ವರ್ಷಗಳಿಂದ ಹಿಡಿದು ಹತ್ತಾರು ವರ್ಷಗಳವರೆಗೆ ಬದುಕುತ್ತವೆ. ಮರ ದಪ್ಪವಾದಂತೆ ಒಳಗಿನ ಹಳೆಯ ಉಂಗುರಗಳ ಸರದಿ ಬರುತ್ತದೆ. ಅಲ್ಲಿನ ಪೇರೆಂಕೈಮಾ ಕೋಶಗಳು ಸಾಯುವ ಮುಂಚೆ ತಮ್ಮ ಪಿಷ್ಟವನ್ನೆಲ್ಲ ಬಳಸಿ ರಾಳ, ಟ್ಯಾನಿನ್, ಎಣ್ಣೆ, ಬಣ್ಣದ ವಸ್ತುಗಳನ್ನು ತಯಾರಿಸಿ ಸುತ್ತಲಿನ ಕೋಶಗಳಿಗೆ ತುಂಬುತ್ತವೆ. ತೇಗದಂಥ ಮರದಲ್ಲಿ ಅವು ಪಕ್ಕದ ನೀರ್ಗೊಳವೆಯೊಳಕ್ಕೆ ಬಲೂನಿನಂತೆ ಉಬ್ಬಿ ಅದನ್ನು ಮುಚ್ಚಿಯೂಬಿಡುತ್ತವೆ. ಇದಕ್ಕೆ ಟೈಲೋಸ್ ಎನ್ನುತ್ತಾರೆ. ಇದೆಲ್ಲ ಮುಗಿದ ಮೇಲೆ ಉಳಿಯುವುದೇ ಚೇಗು. ಆಚಾರ್ರು ಬಾಗಿಲಿಗೆ ಚೇಗನ್ನೇ ಆರಿಸುವುದು, ಬಿಳಿ ಭಾಗಕ್ಕೆ ಹುಳ ಬೀಳುತ್ತದೆ ಎನ್ನುವುದು ಇದೇ ಕಾರಣಕ್ಕೆ. ಬಿಳಿ ಮರದಲ್ಲಿ ಹುಳಕ್ಕೆ ಪಿಷ್ಟದ ಊಟವಿದೆ. ಚೇಗಿನಲ್ಲಿ ಊಟದ ಬದಲು ವಿಷವಿದೆ.

ಇದರ ಅತ್ಯಂತ ದುಬಾರಿ ಉದಾಹರಣೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ಒಂದು ಮೆಟ್ರೊ ನಿಲ್ದಾಣಕ್ಕೆ ಹೆಸರು ಕೊಟ್ಟಿದೆ. ಸರ್ಕಾರಿ ಸೋಪ್ ಕಾರ್ಖಾನೆ 1957ರಲ್ಲಿ ರಾಜಾಜಿನಗರ ಕೈಗಾರಿಕಾ ಪ್ರದೇಶಕ್ಕೆ ಬಂತು. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದ ಹೆಸರು ಅದರದ್ದೇ. ಶ್ರೀಗಂಧದ ಮರದ ಬಿಳಿ ಭಾಗವನ್ನು ಮೂಸಿದರೆ ಗಂಧವಿಲ್ಲ. ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ, ಅದಕ್ಕೇ ಗಂಧದ ಮರವನ್ನು ಕಡಿಯುವ ಬದಲು ಬೇರುಸಮೇತ ಅಗೆದು ತೆಗೆಯುತ್ತಾರೆ. ಆ ಎಣ್ಣೆಯನ್ನು ಸತ್ತ ಚೇಗು ತಯಾರಿಸುವುದಿಲ್ಲ. ಬಿಳಿ ಮರ ಚೇಗಾಗಿ ಬದಲಾಗುವ ಗಡಿಯಲ್ಲಿರುವ ಜೀವಂತ ಕೋಶಗಳು ತಯಾರಿಸುತ್ತವೆ. ಎಣ್ಣೆಯ ಮುಖ್ಯ ಘಟಕವಾದ ಸ್ಯಾಂಟಲಾಲ್ ಅನ್ನು ಕಟ್ಟುವ ಜೀನ್‌ಗಳನ್ನು ವಿಜ್ಞಾನಿಗಳು ಕಳೆದ ದಶಕದಲ್ಲಿ ಗುರುತಿಸಿದ್ದು ಆ ಗಡಿಯ ಕೋಶಗಳನ್ನು ಹುಡುಕಿಯೇ.

ಇದರಿಂದ ಇನ್ನೊಂದು ಫಾರ್ವರ್ಡಿಗೂ ಉತ್ತರ ಸಿಗುತ್ತದೆ. 2001ರ ಕಾನೂನು ತಿದ್ದುಪಡಿಯಿಂದ ಕರ್ನಾಟಕದಲ್ಲಿ ಸ್ವಂತ ಜಮೀನಿನ ಶ್ರೀಗಂಧಕ್ಕೆ ಜಮೀನಿನವರೇ ಮಾಲೀಕರಾದರು. ಆಮೇಲೆ ನಾಲ್ಕೈದು ವರ್ಷದಲ್ಲಿ ಕೋಟಿ ಆದಾಯ ಎನ್ನುವ ಜಾಹೀರಾತುಗಳು ಹುಟ್ಟಿಕೊಂಡವು. ಶ್ರೀಗಂಧದಲ್ಲಿ ಚೇಗು ಮೂಡಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು, ಮಾರುವಷ್ಟು ಒಳ್ಳೆಯ ಚೇಗಿಗೆ ಇನ್ನೂ ಹೆಚ್ಚು. ಗಿಡ ದಪ್ಪವಾಗಿದೆ ಎಂದ ಮಾತ್ರಕ್ಕೆ ಒಳಗೆ ಎಣ್ಣೆ ಇದೆ ಎಂದಲ್ಲ. ನೀರು ಗೊಬ್ಬರ ಸುರಿದು ಬೇಗ ಬೆಳೆಸಿದ ಮರದೊಳಗೆ ಬಿಳಿ ಭಾಗವೇ ಹೆಚ್ಚಿರಬಹುದು. ಹಣ ಹಾಕುವ ಮುಂಚೆ ಮಲ್ಲೇಶ್ವರಂ 18ನೇ ಕ್ರಾಸ್‌ನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ಕೇಳುವುದು ಒಳ್ಳೆಯದು. 1938ರ ಅರಣ್ಯ ಸಂಶೋಧನಾ ಪ್ರಯೋಗಾಲಯದಿಂದ ಬೆಳೆದ ಸಂಸ್ಥೆ ಅದು, ಶ್ರೀಗಂಧ ಅವರ ಹಳೆಯ ವಿಷಯ.

ಪೊಟರೆ ಎಂದರೆ ಏನು

ಈಗ ಪೊಟರೆಗೆ ಬರೋಣ. ಚೇಗಿನಲ್ಲಿ ಜೀವಂತ ಕೋಶವಿಲ್ಲ, ಆದ್ದರಿಂದ ಅದು ಹೋರಾಡಲಾರದು. ಸಾಯುವ ಮುಂಚೆ ಕೋಶಗಳು ತುಂಬಿಟ್ಟುಹೋದ ರಾಸಾಯನಿಕಗಳೇ ಅದರ ರಕ್ಷಣೆ. ಅವು ಎಷ್ಟೋ ವರ್ಷಗಳಲ್ಲಿ ಕರಗುತ್ತವೆ, ಅಥವಾ ಕೊಂಬೆ ಮುರಿದ ಗಾಯದಿಂದ ಅವುಗಳಿಗೆ ಬಗ್ಗದ ಶಿಲೀಂಧ್ರ ಒಳಹೋಗುತ್ತದೆ. ಶಿಲೀಂಧ್ರ ಚೇಗನ್ನು ತಿನ್ನುತ್ತಾ ಹೋದರೆ ಪೊಟರೆ. ಗಮನಿಸಿ, ಅದು ತಿಂದದ್ದು ಆಗಲೇ ಸತ್ತಿದ್ದ ಭಾಗವನ್ನು. ನೀರು ಏರುತ್ತಿರುವುದು ಹೊರಗಿನ ಬಿಳಿ ಮರದಲ್ಲಿ, ಸಕ್ಕರೆ ಇಳಿಯುತ್ತಿರುವುದು ತೊಗಟೆಯ ಒಳಮೈಯಲ್ಲಿ. ಎರಡೂ ಸರಿಯಿದ್ದರೆ ಪೊಟರೆಯೊಳಗೆ ಗಿಳಿ ಗೂಡು ಕಟ್ಟಿದ್ದರೂ ಮರ ಹಸಿರಾಗಿಯೇ ಇರುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ಬೇಕಿದ್ದರೆ ಕೆಂಗೇರಿ ದಾಟಿ, ಮೈಸೂರು ರಸ್ತೆಯಿಂದ ಒಳಗೆ ತಿರುಗಿ, ರಾಮೋಹಳ್ಳಿ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರ ನೋಡಿ ಬನ್ನಿ. ಸುಮಾರು ಮೂರು ಎಕರೆ ಹರಡಿಕೊಂಡಿರುವ, 400 ವರ್ಷ ಹಳೆಯದೆಂದು ಹೇಳುವ ಮರ. ಅದರ ಮೂಲ ಕಾಂಡ ರೋಗಕ್ಕೆ ಸಿಕ್ಕಿ ಹೋಗಿ ಎಷ್ಟೋ ವರ್ಷವಾಯಿತು. ಪ್ರವಾಸ ಹೋದ ಮಕ್ಕಳು ಯಾವುದು ನಿಜವಾದ ಮರ ಎಂದು ಹುಡುಕುತ್ತಾ ತಿರುಗುತ್ತಾರೆ, ಸಿಗುವುದಿಲ್ಲ. ಬಿಳಲುಗಳು ನೆಲ ಮುಟ್ಟಿ, ಬೇರುಬಿಟ್ಟು, ತಾವೇ ಕಾಂಡಗಳಾಗಿ, ತಮ್ಮದೇ ನೀರ್ಗೊಳವೆ, ತಮ್ಮದೇ ಜೀವಂತ ಕೋಶಗಳ ಬಲೆ ಕಟ್ಟಿಕೊಂಡಿವೆ. ನಡು ಹೋಯಿತು, ಮರ ಇದೆ. ಎಲ್ಲ ಮರಕ್ಕೂ ಬಿಳಲು ಇರುವುದಿಲ್ಲ ಎಂಬುದು ನಿಜ. ಆದರೆ ನಡು ಹೋದರೆ ಮರ ಸತ್ತಂತೆ ಎನ್ನುವ ಮಾತು ನಿಲ್ಲುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಬಲದ ಲೆಕ್ಕವೂ ನಾವು ಅಂದುಕೊಂಡ ಹಾಗಿಲ್ಲ. ಕೊಳವೆ ಯಾಕೆ ಗಟ್ಟಿ ಎಂಬುದು ಬಾವುಟದ ಕಂಬ ನೋಡಿದವರಿಗೆಲ್ಲ ಗೊತ್ತು. ಗುಂಡಗಿನ ಕಾಂಡದ ವ್ಯಾಸದಲ್ಲಿ ಸರಿಯಾಗಿ ಅರ್ಧದಷ್ಟು ಅಗಲದ ಪೊಟರೆ ನಟ್ಟನಡುವೆ ಇದ್ದರೆ, ಬಾಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ಕಡಿಮೆಯಾಗುವುದು ಶೇ. 6ರಷ್ಟು ಮಾತ್ರ. ಪೊಟರೆ ವ್ಯಾಸದ ಶೇ. 70 ಆದಾಗ ಶೇ. 24. ಅಲ್ಲಿಂದ ಮುಂದೆ ಮಾತ್ರ ಲೆಕ್ಕ ಬೇಗ ಕೆಡುತ್ತದೆ. ಹೊರಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗದಷ್ಟಾದರೂ ಇರಲಿ ಎಂದು ಜರ್ಮನಿಯ ಕ್ಲಾಸ್ ಮ್ಯಾಟ್‌ಹೆಕ್ ಒಂದು ಅಂದಾಜು ನಿಯಮ ಕೊಟ್ಟಿದ್ದಾರೆ. ಅದನ್ನು ಒಪ್ಪದ ತಜ್ಞರೂ ಇದ್ದಾರೆ, ಏಕೆಂದರೆ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಪೊಟರೆಗೆ ಬಾಯಿ ಬಿಟ್ಟಿದ್ದರೆ ಅದು ಕೊಳವೆಯಾಗಿ ಉಳಿಯುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕಾಂಡಕ್ಕೆ ತಟ್ಟಿ ಡೊಳ್ಳಿನ ಶಬ್ದ ಕೇಳಿ ಮರದ ಹಣೆಬರಹ ಬರೆಯುವುದಂತೂ ಬೇಡ.

ಮರ ಈ ಕೊಳೆತವನ್ನು ಎಲ್ಲಿ ತಡೆದು ನಿಲ್ಲಿಸುತ್ತದೆ ಎಂಬುದನ್ನು ಕಂಡುಹಿಡಿದವರು ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ. ಸಾವಿರಾರು ಮರಗಳನ್ನು ಚೈನ್‌ಸಾದಿಂದ ಉದ್ದುದ್ದ ಸೀಳಿ ನೋಡಿದ ಮನುಷ್ಯ. 1970ರ ದಶಕದಲ್ಲಿ ಅವರು ಹೇಳಿದ್ದು ಸರಳವಾಗಿತ್ತು. ನಮ್ಮ ಚರ್ಮ ಗಾಯವಾದರೆ ಸತ್ತ ಕೋಶದ ಜಾಗಕ್ಕೆ ಹೊಸ ಕೋಶ ತರುತ್ತದೆ. ಮರಕ್ಕೆ ಆ ವಿದ್ಯೆ ಗೊತ್ತಿಲ್ಲ. ಗಾಯವಾದ ಭಾಗವನ್ನು ಅದು ಬಿಟ್ಟುಕೊಡುತ್ತದೆ, ಸುತ್ತ ಗೋಡೆ ಕಟ್ಟುತ್ತದೆ. ಮೇಲೆ ಕೆಳಗೆ ನೀರ್ಗೊಳವೆಗಳಿಗೆ ಬಿರಡೆ ಹಾಕುತ್ತದೆ. ಪಕ್ಕಗಳಲ್ಲಿ ಆ ಚಕ್ರದ ಕಡ್ಡಿಸಾಲಿನ ಕೋಶಗಳು ತಮ್ಮೊಳಗೆ ವಿಷ ತುಂಬಿಕೊಂಡು ಬೇಲಿಯಾಗುತ್ತವೆ. ಎಲ್ಲಕ್ಕಿಂತ ಗಟ್ಟಿಯಾದ ಗೋಡೆ ಗಾಯವಾದ ಮೇಲೆ ಕೇಂಬಿಯಂ ಕಟ್ಟುವ ಹೊಸ ಮರ. ಈ ಕೆಲಸಗಳ ಹಿಂದೆಲ್ಲ ಇರುವುದು ಜೀವಂತ ಕೋಶಗಳು, ಅವುಗಳ ದಾಸ್ತಾನು. ಅಗರ್‌ವುಡ್ ಎಂಬ ದುಬಾರಿ ಸುಗಂಧದ ಮರವೂ ಇದೇ ಹೋರಾಟದ ಉತ್ಪನ್ನ: ಗಾಯ ಮತ್ತು ಶಿಲೀಂಧ್ರಕ್ಕೆ ಉತ್ತರವಾಗಿ ಜೀವಂತ ಕೋಶಗಳು ಸುರಿಸಿದ ರಾಳ.

ಇದು ಗೊತ್ತಾದ ಮೇಲೆ ಸಿಮೆಂಟ್ ಸಲಹೆ ಏನಾಗುತ್ತದೆ ನೋಡಿ. ಪೊಟರೆಗೆ ಸಿಮೆಂಟ್ ತುಂಬುವ ಮುಂಚೆ ಒಳಗಿನ ಮೆತ್ತನೆಯದನ್ನೆಲ್ಲ ಕೆರೆದು ತೆಗೆಯುತ್ತಾರೆ. ಹಾಗೆ ಕೆರೆಯುವಾಗ ಮರ ಕಟ್ಟಿದ್ದ ಗೋಡೆಯೇ ಒಡೆಯುತ್ತದೆ, ಶಿಲೀಂಧ್ರಕ್ಕೆ ಹೊಸ ಬಾಗಿಲು. ಗಾಳಿಗೆ ಮರ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ. ನಡುವೆ ಬಿರುಕು ಬಿಟ್ಟು ನೀರು ನಿಲ್ಲುತ್ತದೆ. ಒಳಗೆ ಎಷ್ಟು ಕೊಳೆತಿದೆ ಎಂದು ಮುಂದೆ ಯಾರಿಗೂ ಕಾಣುವುದಿಲ್ಲ. ಕೊನೆಗೆ ಮರ ತೆಗೆಯಲು ಬಂದವರ ಗರಗಸ ಸಿಮೆಂಟಿಗೆ ಬಡಿದರೆ ಕೈಕಾಲಿಗೆ ಅಪಾಯ. ಕತ್ತರಿಸಿದ ಕೊಂಬೆಯ ತುದಿಗೆ ಟಾರು, ಪೇಂಟ್ ಬಳಿಯುವುದನ್ನೂ ಶೈಗೊ ಮತ್ತು ಸಂಗಡಿಗರು ಪರೀಕ್ಷಿಸಿದ್ದರು. 1977ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬಳಿದದ್ದಕ್ಕೂ ಬಳಿಯದ್ದಕ್ಕೂ ಕೊಳೆಯುವುದರಲ್ಲಿ ಪ್ರಯೋಜನದ ವ್ಯತ್ಯಾಸ ಕಾಣಲಿಲ್ಲ. ತೋಟಗಳಲ್ಲಿ ನಿರ್ದಿಷ್ಟ ರೋಗಕ್ಕೆ ಬೋರ್ಡೋ ಮುಲಾಮು ಹಚ್ಚುವುದು ಬೇರೆ ವಿಷಯ, ಅದನ್ನು ಇದಕ್ಕೆ ಸೇರಿಸಬೇಡಿ. ಬೀದಿ ಮರಕ್ಕೆ ಮುಖ್ಯವಾದದ್ದು ಕೊಂಬೆಯನ್ನು ಎಲ್ಲಿ ಕತ್ತರಿಸಿದರು ಎಂಬುದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಸ್ವಲ್ಪ ಉಬ್ಬು ಇರುತ್ತದೆ. ಗೋಡೆ ಕಟ್ಟುವ ಕೋಶಗಳು ಅಲ್ಲಿಯೇ ಹೆಚ್ಚು. ಉಬ್ಬನ್ನು ಬಿಟ್ಟು ಅದರ ಹೊರಗೆ ಕತ್ತರಿಸಿದರೆ ಗಾಯ ಮುಚ್ಚುತ್ತದೆ. ಕಾಂಡಕ್ಕೆ ಸಮವಾಗಿ ನೀಟಾಗಿ ಹೆರೆದರೆ ಹತ್ತು ವರ್ಷದ ನಂತರದ ಪೊಟರೆಗೆ ಅಂದೇ ಅಡಿಪಾಯ.

ಮೊಳೆಯ ಬಗ್ಗೆಯೂ ಎರಡು ಮಾತು. ಕಾಯಿ ಬಿಡದ ಹಲಸಿಗೆ ಕಬ್ಬಿಣದ ಮೊಳೆ ಹೊಡೆದರೆ ಫಸಲು ಬರುತ್ತದೆ ಎಂಬ ನಂಬಿಕೆಯಿದೆ, ತಾಮ್ರದ ಮೊಳೆ ಹೊಡೆದರೆ ಮರ ಸಾಯುತ್ತದೆ ಎಂಬ ಫಾರ್ವರ್ಡ್ ಇದೆ. ಆರೋಗ್ಯವಾಗಿರುವ ಮರ ಒಂದು ಮೊಳೆಯ ಸುತ್ತ ಗೋಡೆ ಕಟ್ಟಿ ಸುಮ್ಮನಾಗುತ್ತದೆ, ಫಸಲನ್ನೂ ಕೊಡುವುದಿಲ್ಲ, ಪ್ರಾಣವನ್ನೂ ಬಿಡುವುದಿಲ್ಲ. ಆದರೆ ಟ್ಯೂಷನ್, ಪಿಜಿ, ಬಾಡಿಗೆ ಮನೆ ಎಂದು ಒಂದೇ ಕಾಂಡಕ್ಕೆ ಮೂವತ್ತು ಮೊಳೆ ಬಿದ್ದರೆ ಮೂವತ್ತು ಗೋಡೆಗೆ ದಾಸ್ತಾನು ಬೇಕು. ತೆಂಗಿನ ವಿಷಯ ಇನ್ನೂ ಬೇರೆ. ಅದಕ್ಕೆ ಕೇಂಬಿಯಂ ಇಲ್ಲ, ಚೇಗಿಲ್ಲ, ಉಂಗುರವಿಲ್ಲ. ಕಾಂಡದ ಬುಡದಲ್ಲಿರುವ ಜೀವಂತ ಕೋಶಗಳಿಗೆ ಮರದಷ್ಟೇ ವಯಸ್ಸು. ಅರವತ್ತು ವರ್ಷದ ತೆಂಗಿನ ಬುಡದಲ್ಲಿ ಹೆಚ್ಚುಕಡಿಮೆ ಅರವತ್ತು ವರ್ಷದ ಕೋಶಗಳೇ ಕೆಲಸ ಮಾಡುತ್ತಿರುತ್ತವೆ. ಹೊಸ ಮರ ಕಟ್ಟಿ ಗಾಯ ಮುಚ್ಚುವ ಪದರ ಅದಕ್ಕಿಲ್ಲದ ಕಾರಣ ತೆಂಗಿಗೆ ಹೊಡೆದ ಮೊಳೆಯ ತೂತು ಕೊನೆಯವರೆಗೂ ತೂತೇ. ಹಿತ್ತಲಿನ ತೆಂಗಿಗೆ ಬಟ್ಟೆ ತಂತಿ ಕಟ್ಟಲು ಮೊಳೆ ಹುಡುಕುತ್ತಿರುವವರು ಹಗ್ಗ ಸುತ್ತಿ ಕಟ್ಟಿ.

ನಿಜವಾಗಿ ಬೀಳಿಸುವುದು ಯಾವುದು

ಮುಂದಿನ ಮಳೆಯಲ್ಲಿ ಬಿದ್ದ ಮರದ ಫೋಟೊ ಬಂದಾಗ ಅದರ ಬುಡ ನೋಡಿ. ಕಾಂಡ ನಡುವೆ ಮುರಿದಿದೆಯೋ, ಇಡೀ ಮರ ಬೇರಿನ ತಟ್ಟೆಯೊಂದಿಗೆ ಮಗುಚಿದೆಯೋ? ಮಗುಚಿದ್ದರೆ ಪೊಟರೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಚರಂಡಿಗೆ ಒಂದು ಕಡೆಯ ಬೇರು ಹೋಗಿರುತ್ತದೆ, ಕೇಬಲ್ಲಿಗೆ ಇನ್ನೊಂದು ಕಡೆಯದು, ಉಳಿದದ್ದರ ಮೇಲೆ ಫುಟ್‌ಪಾತ್ ಕಾಂಕ್ರೀಟ್. ಬೇರಿನ ಕೋಶಗಳೂ ಉಸಿರಾಡಬೇಕು. ಮಣ್ಣಿನ ಸಂದಿನ ಗಾಳಿಯೇ ಅವುಗಳ ಆಧಾರ. ಬುಡದವರೆಗೆ ಕಾಂಕ್ರೀಟ್ ಸುರಿದರೆ ನೀರು ಒಂದೇ ಅಲ್ಲ, ಉಸಿರೂ ಕಟ್ಟುತ್ತದೆ. ಬೇರು ಒಂದೊಂದೇ ಸಾಯುತ್ತದೆ, ಮೇಲಿನ ಎಲೆ ಮಾತ್ರ ಒಂದೆರಡು ವರ್ಷ ಹಸಿರಾಗಿಯೇ ಇರಬಹುದು, ಉಳಿತಾಯ ಖಾತೆ ಇರುವವರೆಗೆ. ಹಸಿರಾಗಿದ್ದ ಮರ ಇದ್ದಕ್ಕಿದ್ದಂತೆ ಬಿತ್ತು ಎಂದು ಜನ ಹೇಳುವುದರಲ್ಲಿ ಸುಳ್ಳಿಲ್ಲ, ಆ ಇದ್ದಕ್ಕಿದ್ದಂತೆ ಎನ್ನುವುದು ಮಾತ್ರ ಸರಿಯಿಲ್ಲ.

ಇನ್ನೊಂದು ವಿಧದ ಸಾವೂ ನಗರದಲ್ಲಿದೆ. ಅಂಗಡಿಯ ಬೋರ್ಡಿಗೋ ಜಾಹೀರಾತು ಫಲಕಕ್ಕೋ ಅಡ್ಡವಾದ ಮರದ ಬುಡದ ಸುತ್ತ ತೊಗಟೆ ಉಂಗುರವಾಗಿ ಹೆರೆದಿರುವುದು, ಕಾಂಡಕ್ಕೆ ತೂತು ಕೊರೆದಿರುವುದು ಕಾಣಸಿಗುತ್ತದೆ. ತೊಗಟೆ ಹೆರೆದ ಮರ ಮರುದಿನವೇ ಬಾಡುವುದಿಲ್ಲ. ನೀರು ಏರುವ ಕೊಳವೆ ಒಳಗಿದೆಯಲ್ಲ, ಅದಕ್ಕೇನೂ ಆಗಿಲ್ಲ. ಸಕ್ಕರೆ ಬೇರಿಗೆ ಇಳಿಯುವುದು ನಿಂತಿದೆ. ಬೇರು ತನ್ನ ದಾಸ್ತಾನಿನ ಮೇಲೆ ತಿಂಗಳುಗಟ್ಟಲೆ ಬದುಕಿ ಆಮೇಲೆ ಸೋಲುತ್ತದೆ. ಹಾಗಾಗಿ ಹೆರೆದದ್ದು ಮೊದಲ ದಿನವೇ ಕಣ್ಣಿಗೆ ಬಿದ್ದರೆ ಅದು ದೂರು ಕೊಡಲು ಒಳ್ಳೆಯ ಹೊತ್ತು, ತಡವಾದದ್ದಲ್ಲ. ತೂತು ಕೊರೆದು ಸುರಿದ ವಿಷ ಸ್ಟ್ರಾಸ್‌ಬರ್ಗರನ ಪ್ರಯೋಗದಲ್ಲಿ ಆದ ಹಾಗೆಯೇ ಸತ್ತ ಕೊಳವೆಗಳ ದಾರಿಯಲ್ಲಿ ಏರಿ ಬದುಕಿರುವ ಕೋಶಗಳನ್ನು ಕೊಲ್ಲುತ್ತದೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಮರ ನಮ್ಮ ಸೈಟಿನೊಳಗೇ ಇದ್ದರೂ. ಅಪಾಯದ ಮರವಿದೆ ಎಂದು ದೂರು ಕೊಡುವುದಿದ್ದರೂ, ಉಳಿಸಿ ಎಂದು ಅರ್ಜಿ ಕೊಡುವುದಿದ್ದರೂ ಪಾಲಿಕೆಯ ಅರಣ್ಯ ವಿಭಾಗಕ್ಕೆ ಪೊಟರೆಯ ಫೋಟೊ ಒಂದನ್ನೇ ಕಳುಹಿಸಿದರೆ ಅವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಬುಡದ ಸುತ್ತ ಮಣ್ಣು ಎಷ್ಟು ಬಿಟ್ಟಿದ್ದಾರೆ ಎಂಬುದು ಕಾಣುವ ಹಾಗೆ ಒಂದು ಫೋಟೊ, ಈಚೆಗೆ ಅಗೆದಿದ್ದರೆ ಯಾವ ಕಡೆ ಅಗೆದರು ಎಂಬ ವಿವರ, ಮರ ವಾಲಿದ್ದರೆ ಮೊದಲಿನಿಂದ ಹಾಗೆಯೇ ಇತ್ತೋ ಈ ವರ್ಷ ವಾಲಿತೋ ಎಂಬುದು, ವಾಲಿದ ಕಡೆಗೆ ಎದುರುಬದಿಯಲ್ಲಿ ನೆಲ ಬಿರಿದಿದ್ದರೆ ಅದರ ಹತ್ತಿರದ ಚಿತ್ರ ಇರಲಿ. ನೆಲ ಬಿರಿದಿದ್ದರೆ ಮಾತ್ರ ಕಾಯಬೇಡಿ, ಕೆಳಗಿನ ಗಾಡಿಗಳನ್ನು ಮೊದಲು ತೆಗೆಸಿ. ಕಾಂಡದ ಬುಡದಲ್ಲಿ ಕಪಾಟಿನ ಹಲಗೆಯಂತೆ ಅರ್ಧಚಂದ್ರಾಕಾರದ ಗಟ್ಟಿ ಅಣಬೆ ಮೂಡಿದ್ದರೆ ಅದನ್ನು ಕಿತ್ತು ಎಸೆಯದೆ ಹಾಗೆಯೇ ಬಿಟ್ಟು, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಟ್ಟು ಚಿತ್ರ ತೆಗೆಯಿರಿ.